ಒಂದು ಸೆಂಟ್ ಕೋಸಿನ ಜಾಗದಲ್ಲಿ ಗದೆಬೇರು: ಹದಿನೈದು ತಿಂಗಳ ಕೆಲಸದ ದಾಖಲೆ

ಜಾಗ: ನೀಲಗಿರಿಯಲ್ಲಿ ಕೋಟಗಿರಿ ಕಡೆಯ ಇಳಿಜಾರು. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಹೊಲದಲ್ಲಿ ಒಂದು ಮೆಟ್ಟಿಲು, 10 ಮೀಟರ್ ಉದ್ದ, 4 ಮೀಟರ್ ಅಗಲ. ಲೆಕ್ಕಕ್ಕೆ ಹೆಚ್ಚುಕಡಿಮೆ ಒಂದು ಸೆಂಟ್. ಮೇಲಿನ ಮೆಟ್ಟಿಲಲ್ಲಿ ಬೇರೆಯವರ ಎಲೆಕೋಸು, ಕೆಳಗಿನದರಲ್ಲಿ ಕ್ಯಾರೆಟ್. ಮಣ್ಣು ಕಪ್ಪುಗೆಂಪು, ಹಗುರ, ಹುಳಿ. ಊಟಿ, ಕೂನೂರು, ಕೋಟಗಿರಿ ಸುತ್ತ ಕೋಸು ಬೆಳೆಯುವವರಿಗೆ ಗದೆಬೇರು, ಅಂದರೆ ಕೋಸಿನ ಕುಲದ ಗಿಡಗಳ ಬೇರು ಗಂಟಾಗಿ ಊದುವ ಕ್ಲಬ್‌ರೂಟ್ ರೋಗ, ಹೊಸದಲ್ಲ. ತಂಪು, ಮಳೆ, ಹುಳಿ ಮಣ್ಣು, ವರ್ಷವರ್ಷವೂ ಕೋಸು: ಇದಕ್ಕೆ ಬೇಕಾದ್ದೆಲ್ಲ ಇಲ್ಲಿದೆ.

ಜುಲೈ 2023: ಪತ್ತೆ

ಎಲೆಕೋಸು ನೆಟ್ಟು 50 ದಿನ. ಮಧ್ಯಾಹ್ನ ಹನ್ನೆರಡಕ್ಕೆ ಎಲೆ ಜೋತು ಬೀಳುತ್ತಿತ್ತು, ಸಂಜೆ ಐದಕ್ಕೆ ಮತ್ತೆ ಎದ್ದು ನಿಲ್ಲುತ್ತಿತ್ತು. ಮಣ್ಣು ಒದ್ದೆಯಾಗಿಯೇ ಇದ್ದರೂ ಹೀಗಾದರೆ ನೀರು ಹಾಯಿಸಬಾರದು, ಒಂದು ಗಿಡ ಕೀಳಬೇಕು. ಇಲ್ಲಿ ಹತ್ತು ದಿನ ನೀರು ಹಾಯಿಸಿದ್ದು ಮೊದಲ ತಪ್ಪು. ಆ ನೀರಿನಲ್ಲೇ ರೋಗ ಸಾಲಿನುದ್ದಕ್ಕೂ ಹರಿಯಿತು.

ಗಿಡ ಎಳೆದು ಕಿತ್ತರೆ ಬೇರು ತುಂಡಾಗಿ ಅರ್ಧ ಮಣ್ಣಲ್ಲೇ ಉಳಿಯುತ್ತದೆ. ಅದಕ್ಕೆ ಸಲಿಕೆಯಿಂದ ಸುತ್ತ ಒಂದು ಅಡಿ ಬಿಟ್ಟು ಅಗೆದು, ಹೆಂಟೆಯ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅಲುಗಿಸಿ ನೋಡಿದ್ದು. ತಾಯಿಬೇರು ಹಸಿಶುಂಠಿಯ ಹಾಗೆ ಊದಿತ್ತು. ಅದರಿಂದ ಹೊರಟ ಬೇರುಗಳೂ ನಡುವೆ ದಪ್ಪ, ಎರಡು ತುದಿಗೆ ಸಣ್ಣ. ಸಣ್ಣ ದಾರದಂಥ ಬೇರು ಹೆಚ್ಚುಕಡಿಮೆ ಇರಲೇ ಇಲ್ಲ. ಕೊಯ್ದರೆ ಒಳಗೆ ಮೂಲಂಗಿಯ ಹಾಗೆ ಬಿಳಿ, ಗಟ್ಟಿ. ಪಕ್ಕದ ಸಾಲಿನ ಹಳೆಯ ಗಿಡದಲ್ಲಿ ಅದೇ ಗಂಟು ಕಂದು ಲೋಳೆಯಾಗಿತ್ತು, ಕೊಳೆತ ಕೋಸಿನ ವಾಸನೆ.

ಇದನ್ನು ನೆಮಟೋಡ್, ಅಂದರೆ ಬೇರಿಗೆ ಹತ್ತುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳು, ಮಾಡುವ ಗಂಟು ಎಂದುಕೊಳ್ಳುವವರು ಬಹಳ. ನೆಮಟೋಡಿನ ಗಂಟು ಮಣಿಸರದ ಹಾಗೆ ಸಣ್ಣ ಬೇರಿನ ಮೇಲೆ ಸಾಲಾಗಿರುತ್ತದೆ, ಸಣ್ಣ ಬೇರು ಉಳಿದಿರುತ್ತದೆ. ಗದೆಬೇರಿನಲ್ಲಿ ಇಡೀ ಬೇರೇ ಗದೆಯಾಗುತ್ತದೆ. ವ್ಯತ್ಯಾಸ ತಿಳಿಯದೆ ನೆಮಟೋಡಿನ ಔಷಧಿ ಸುರಿದರೆ ದುಡ್ಡು ಹೋಯಿತು ಅಷ್ಟೆ.

ರೋಗಾಣುವಿನ ಹೆಸರು ಪ್ಲಾಸ್ಮೋಡಿಯೋಫೋರಾ ಬ್ರಾಸಿಕೇ. ಶಿಲೀಂಧ್ರವಲ್ಲ, ಹಾಗಾಗಿ ಸಾಮಾನ್ಯ ಶಿಲೀಂಧ್ರನಾಶಕ ಇದನ್ನು ಮುಟ್ಟುವುದಿಲ್ಲ. ಕೆಲಸಕ್ಕೆ ಬೇಕಾದ ವಿಷಯ ಮೂರೇ: ಕೊಳೆತ ಗಂಟಿನಿಂದ ಕೋಟಿಗಟ್ಟಲೆ ಬೀಜಾಣು ಮಣ್ಣಿಗೆ ಸೇರುತ್ತವೆ, ಅವು 15 ವರ್ಷಕ್ಕೂ ಮೇಲೆ ಬದುಕಬಲ್ಲವು, ಮೊಳೆತವು ಮಣ್ಣಿನ ನೀರಿನಲ್ಲಿ ಈಜಿಯೇ ಬೇರಿನ ರೋಮಕ್ಕೆ ತಲುಪುತ್ತವೆ.

ಜುಲೈ 2023: ಕಿತ್ತು ಹಾಕಿದ್ದು

ಗಂಟು ಗಟ್ಟಿಯಾಗಿರುವಾಗಲೇ ಕಿತ್ತರೆ ಬೀಜಾಣು ಗಂಟಿನೊಳಗೇ ಹೋಗುತ್ತದೆ. ಲೋಳೆಯಾದ ಮೇಲೆ ಕಿತ್ತರೆ ಎಲೆ ಮಾತ್ರ ಕೈಗೆ, ರೋಗವೆಲ್ಲ ಮಣ್ಣಿಗೆ. 118 ಗಿಡಗಳಲ್ಲಿ 70 ಗಟ್ಟಿ ಗಂಟಿನವು, ಉಳಿದವು ಆಗಲೇ ಕೊಳೆತಿದ್ದವು.

ಮೊದಲ ದಿನ ಕಿತ್ತ ಇಪ್ಪತ್ತು ಗಿಡ ಮೆಟ್ಟಿಲಿನ ಅಂಚಿಗೆ ಬಿದ್ದವು. ರಾತ್ರಿ ಮಳೆ ಬಂತು, ನೀರು ಕೆಳಗಿನ ಮೆಟ್ಟಿಲಿಗೆ ಇಳಿಯಿತು. ಅಲ್ಲಿ ಕ್ಯಾರೆಟ್ ಇದ್ದದ್ದರಿಂದ ಆ ವರ್ಷ ಏನೂ ಕಾಣಲಿಲ್ಲ, ಆದರೆ ಅಲ್ಲಿ ಇನ್ನು ಯಾವತ್ತೇ ಕೋಸು ಹಾಕಿದರೂ ಈ ಲೆಕ್ಕ ಎದುರು ಬರುತ್ತದೆ. ಎರಡನೇ ದಿನದಿಂದ ಗಿಡಗಳನ್ನು ನೇರ ಗೋಣಿಚೀಲಕ್ಕೆ ತುಂಬಿ, ತಗಡಿನ ಮಾಡಿನಡಿ ಹರಡಿ, ಮೂರು ವಾರ ಒಣಗಿಸಿ, ಡ್ರಮ್ಮಿನಲ್ಲಿ ಸುಟ್ಟದ್ದು. ಗೊಬ್ಬರ ಗುಂಡಿಗೆ ಹಾಕಬಾರದು. ದನಕ್ಕೂ ಹಾಕಬಾರದು: ಬೀಜಾಣು ಹೊಟ್ಟೆಯಲ್ಲಿ ಸಾಯುವುದಿಲ್ಲ, ಸಗಣಿಯ ಜೊತೆ ಹೊಲಕ್ಕೆ ವಾಪಸ್ ಬರುತ್ತದೆ.

ರೋಗ ಬಂದದ್ದು ಎಲ್ಲಿಂದ? ಉಳಿದ ಸಸಿಗಳು ಒಂದು ಮೂಲೆಯಲ್ಲಿ ಬಿದ್ದಿದ್ದವು. ತೊಳೆದಾಗ ಆರರಲ್ಲಿ ಎರಡಕ್ಕೆ ಅಕ್ಕಿಕಾಳಿನಷ್ಟು ಊತ. ಮಣ್ಣಿನ ಮಡಿಯಲ್ಲಿ ಬೆಳೆಸಿ, ಬೇರಿಗೆ ಮಣ್ಣು ಮೆತ್ತಿ ಕಟ್ಟು ಕಟ್ಟಿ ಮಾರಿದ ಸಸಿಗಳವು. ಕೊಂಡ ದಿನವೇ ಹತ್ತು ಸಸಿ ತೊಳೆದು ನೋಡಿದ್ದರೆ ಐದು ನಿಮಿಷದ ಕೆಲಸ.

ಸೆಪ್ಟೆಂಬರ್ 2023: ಅಂದಾಜಿನ ಸುಣ್ಣ, ಪೂರ್ತಿ ಸೋಲು

ಹುಳಿ ಮಣ್ಣಿಗೆ ಸುಣ್ಣ ಹಾಕಿ ಹುಳಿ ಇಳಿಸಿದರೆ ಈ ರೋಗ ತಗ್ಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿದ್ದದ್ದು ಅಷ್ಟೇ. 8 ಕೆಜಿ ಅರಳಿಸಿದ ಸುಣ್ಣ, ಎರಡು ಮಂಕರಿ ಒಲೆಬೂದಿ, ಜೊತೆಗೆ ಆರು ಮಂಕರಿ ಕೊಟ್ಟಿಗೆ ಗೊಬ್ಬರ, ಅರ್ಧ ಕೆಜಿ ಟ್ರೈಕೋಡರ್ಮಾ (ರೋಗ ತರುವ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಪುಡಿ. ಎಲ್ಲ ಒಂದೇ ದಿನ ಮೇಲೆ ಚೆಲ್ಲಿ, ಕುಂಟೆಯಿಂದ ಕೆದಕಿ, ಹತ್ತನೇ ದಿನ ಸಸಿ ನೆಟ್ಟದ್ದು.

ಇದರಲ್ಲಿ ನಾಲ್ಕು ತಪ್ಪು. ಸುಣ್ಣ ಮತ್ತು ಗೊಬ್ಬರ ಒಟ್ಟಿಗೆ ಬಿದ್ದು ಸಂಜೆಯವರೆಗೂ ಮೂಗಿಗೆ ಅಮೋನಿಯ ಹೊಡೆಯುತ್ತಿತ್ತು, ಅಂದರೆ ಸಾರಜನಕ ಗಾಳಿಗೆ ಹೋಯಿತು. ಅರಳಿಸಿದ ಸುಣ್ಣದ ಜೊತೆ ಬಿದ್ದ ಟ್ರೈಕೋಡರ್ಮಾ ಉಳಿಯುವ ಮಾತಿಲ್ಲ, ಅದು ದಂಡ. ಸುಣ್ಣದ ಪ್ರಮಾಣ ಬೇಕಾದ್ದರ ಕಾಲುಭಾಗವೂ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡದು, ಸುಣ್ಣ ಮೇಲೇ ಉಳಿಯಿತು. ಆಮೇಲೆ ಅಳೆದಾಗ ರಸಸಾರ, ಅಂದರೆ ಪಿಎಚ್ (7ಕ್ಕಿಂತ ಕಡಿಮೆಯಾದಷ್ಟೂ ಮಣ್ಣು ಹುಳಿ), ಮೇಲಿನ 5 ಸೆಂಟಿಮೀಟರಿನಲ್ಲಿ 6.9 ಇತ್ತು, 10ರಿಂದ 15 ಸೆಂಟಿಮೀಟರಿನಲ್ಲಿ 5.3. ಬೇರು ಇರುವುದು ಕೆಳಗೆ.

ನವೆಂಬರ್ ಕೊನೆಗೆ 12 ಗಿಡ ಅಗೆದು ನೋಡಿದರೆ 9ರಲ್ಲಿ ಗಂಟು. ಆ ಒಂಬತ್ತರಲ್ಲೂ ಬುಡದ ಹತ್ತಿರದ ಬೇರು ಚೊಕ್ಕ, ಊತವೆಲ್ಲ ಒಂದು ಗೇಣು ಕೆಳಗೆ. ಸುಣ್ಣ ಎಲ್ಲಿಯವರೆಗೆ ಇಳಿದಿದೆ ಎಂದು ಬೇರೇ ಗೆರೆ ಎಳೆದು ತೋರಿಸಿದ ಹಾಗಿತ್ತು. ಎಲ್ಲ ಕಿತ್ತು ಸುಟ್ಟದ್ದು.

ಡಿಸೆಂಬರ್ 2023: ಡಬ್ಬಿ ಪರೀಕ್ಷೆ

ಈ ಕೆಲಸದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ಹಂತ ಇದು. ಎಕರೆಗೆ ಇಷ್ಟು ಎಂದು ಯಾರೋ ಹೇಳಿದ ಲೆಕ್ಕ ಬೆಟ್ಟದ ಮಣ್ಣಿಗೆ ಕೂರುವುದಿಲ್ಲ. ಸಾವಯವ ಅಂಶ ಹೆಚ್ಚಿದ್ದಷ್ಟೂ ಮಣ್ಣು ಸುಣ್ಣ ನುಂಗುತ್ತದೆ.

ಮೊದಲು ಮಣ್ಣಿನ ತೂಕ. ಎರಡೂ ಕಡೆ ಬಾಯಿ ತೆಗೆದ ಒಂದು ಲೀಟರ್ ತಗಡಿನ ಡಬ್ಬಿಯನ್ನು ಬಡಿದು ಇಳಿಸಿ, ತುಂಬಿದ ಮಣ್ಣನ್ನು ಒಣಗಿಸಿ ತೂಗಿದಾಗ 980 ಗ್ರಾಂ. 40 ಚದರ ಮೀಟರ್, 15 ಸೆಂಟಿಮೀಟರ್ ಆಳ ಅಂದರೆ 6,000 ಲೀಟರ್, ತೂಕ ಸುಮಾರು 5,900 ಕೆಜಿ. ಹಾಗಾಗಿ ಒಂದು ಕೆಜಿ ಮಣ್ಣಿಗೆ 1 ಗ್ರಾಂ ಸುಣ್ಣ ಬೇಕೆಂದರೆ ಇಡೀ ಜಾಗಕ್ಕೆ 5.9 ಕೆಜಿ.

ಹತ್ತು ಕಡೆಯಿಂದ ತೆಗೆದು ಬೆರೆಸಿ, ಜರಡಿ ಹಿಡಿದ ಮಣ್ಣು ಒಂದೊಂದು ಕೆಜಿಯಂತೆ ಆರು ಡಬ್ಬಿಗೆ. ಅರಳಿಸಿದ ಸುಣ್ಣ 0, 2, 4, 6, 7, 8 ಗ್ರಾಂ. ಮುಷ್ಟಿ ಕಟ್ಟಿದರೆ ಉಂಡೆಯಾಗುವಷ್ಟು ನೀರು, ಸಡಿಲ ಮುಚ್ಚಳ, ಮೂರು ದಿನಕ್ಕೊಮ್ಮೆ ಕಲಸುವುದು. ಮೂರು ವಾರದ ನಂತರ 10 ಗ್ರಾಂ ಮಣ್ಣಿಗೆ 25 ಮಿಲಿ ಡಿಸ್ಟಿಲ್ಡ್ ನೀರು ಹಾಕಿ, ಅರ್ಧ ಗಂಟೆ ಆಗಾಗ ಕಲಕಿ ಅಳೆದದ್ದು:

0 ಗ್ರಾಂ: 5.2
2 ಗ್ರಾಂ: 5.9
4 ಗ್ರಾಂ: 6.5
6 ಗ್ರಾಂ: 7.0
7 ಗ್ರಾಂ: 7.2
8 ಗ್ರಾಂ: 7.4

ಬಣ್ಣದ ಕಾಗದದಿಂದ ಅಳೆಯಲು ಹೋದದ್ದು ವ್ಯರ್ಥ, ಮಣ್ಣಿನ ಕೆಂಪು ಕಾಗದಕ್ಕೆ ಹತ್ತಿ ಏನೂ ಓದಲಾಗುವುದಿಲ್ಲ. ಪೆನ್ನಿನಂಥ ಮೀಟರ್ 1,150 ರೂಪಾಯಿ. ಪ್ರತಿ ಸಲ ರಸಸಾರ 4 ಮತ್ತು 7 ಎಂದು ಗೊತ್ತಿರುವ ಬಫರ್ ದ್ರಾವಣದಲ್ಲಿ ಸರಿಮಾಡಿಕೊಳ್ಳದಿದ್ದರೆ ಅದೂ ಸುಳ್ಳು ಹೇಳುತ್ತದೆ. ಒಮ್ಮೆ ಹಾಗೇ ಅಳೆದು 0.6ರಷ್ಟು ವ್ಯತ್ಯಾಸ ಬಂತು.

ಗುರಿ 7ರಿಂದ 7.2. ಅದಕ್ಕೆ 6.5 ಗ್ರಾಂ ಎಂದಿಟ್ಟುಕೊಂಡರೆ 38 ಕೆಜಿ ಅರಳಿಸಿದ ಸುಣ್ಣ. ಸುಣ್ಣದಕಲ್ಲಿನ ಪುಡಿಯ ಲೆಕ್ಕದಲ್ಲಿ ಇದರ 1.35 ಪಟ್ಟು, ಅಂದರೆ 52 ಕೆಜಿ. ಹೊಲದಲ್ಲಿ ಡಬ್ಬಿಯಷ್ಟು ಚೆನ್ನಾಗಿ ಬೆರೆಯುವುದಿಲ್ಲವಾದ್ದರಿಂದ ಹತ್ತನೇ ಒಂದು ಪಾಲು ಜಾಸ್ತಿ. ಕೊನೆಗೆ ಕೊಂಡದ್ದು 25 ಕೆಜಿ ಅರಳಿಸಿದ ಸುಣ್ಣ, 375 ರೂಪಾಯಿ. 25 ಕೆಜಿ ಸುಣ್ಣದಕಲ್ಲಿನ ನುಣ್ಣನೆ ಪುಡಿ, 200 ರೂಪಾಯಿ. ಮೊದಲನೆಯದು ಬೇಗ ಕೆಲಸ ಮಾಡುತ್ತದೆ, ಎರಡನೆಯದು ನಿಧಾನಕ್ಕೆ, ಮಳೆಗಾಲದವರೆಗೂ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕ ಡಾಲಮೈಟ್ (ಮೆಗ್ನೀಷಿಯಂ ಇರುವ ಸುಣ್ಣದಕಲ್ಲು) ರವೆಯಷ್ಟು ದಪ್ಪ ಇತ್ತು. ಬೆರಳ ನಡುವೆ ತಿಕ್ಕಿದಾಗ ಗರಗರ ಎನ್ನುವ ಸುಣ್ಣ ಈ ಕೆಲಸಕ್ಕೆ ಬೇಡ.

ಜನವರಿ 2024: ಸುಣ್ಣ ಬೆರೆಸುವುದು, ಎರಡು ದಿನ, ಇಬ್ಬರು ಆಳು

ಸುಣ್ಣ ಹಾಕುವ ಮೊದಲು ಹೋಲಿಕೆಗೆಂದು 20 ಕೆಜಿ ಮಣ್ಣು ಚೀಲದಲ್ಲಿ ಎತ್ತಿಟ್ಟದ್ದು. ಇದನ್ನು ಮರೆತರೆ ಮುಂದೆ ಏನನ್ನೂ ಖಚಿತವಾಗಿ ಹೇಳಲಾಗದು.

ಜಾಗವನ್ನು ದಾರ ಕಟ್ಟಿ 2.5 ಮೀಟರ್ ಉದ್ದ, 2 ಮೀಟರ್ ಅಗಲದ ಎಂಟು ಚೌಕ ಮಾಡಿ, ಒಂದೊಂದಕ್ಕೆ ಎರಡೂ ಸುಣ್ಣ ತಲಾ 3.1 ಕೆಜಿಯಂತೆ ತೂಗಿಟ್ಟು, ಅರ್ಧ ಚೆಲ್ಲಿ ಉದ್ದಕ್ಕೆ ಅಗೆತ, ಉಳಿದರ್ಧ ಚೆಲ್ಲಿ ಅಡ್ಡಕ್ಕೆ ಅಗೆತ. ಮಣ್ಣಿನ ಹದ ಮುಖ್ಯ. ಒದ್ದೆ ಮಣ್ಣಿನಲ್ಲಿ ಸುಣ್ಣ ಹೆಂಟೆಯ ಹೊರಗೆ ಬಿಳಿ ಸಿಪ್ಪೆಯಾಗಿ ಅಂಟಿ ನಿಲ್ಲುತ್ತದೆ, ಒಳಗೆ ಹುಳಿ ಹಾಗೇ ಇರುತ್ತದೆ. ರೋಗಕ್ಕೆ ಅಂಥ ಒಂದು ಹೆಂಟೆ ಸಾಕು. ಮೊದಲ ಚೌಕದಲ್ಲಿ ಇದೇ ಆಯಿತು, ಬಿಟ್ಟು ನಾಲ್ಕು ದಿನ ಒಣಗಿಸಿ ಮತ್ತೆ ಶುರು. ಹೆಂಟೆ ನಿಂಬೆಹಣ್ಣಿಗಿಂತ ದೊಡ್ಡದಿರಬಾರದು ಎಂಬ ಅಳತೆ ಇಟ್ಟುಕೊಂಡಿದ್ದಕ್ಕೆ ಎರಡನೇ ದಿನ ಪೂರ್ತಿ ಹೋಯಿತು. ಗಾಳಿ ಇಲ್ಲದ ಬೆಳಗ್ಗೆ ಮಾತ್ರ ಚೆಲ್ಲಬೇಕು. ಕನ್ನಡಕ, ಮುಖಕ್ಕೆ ಬಟ್ಟೆ, ರಬ್ಬರ್ ಗ್ಲೌಸು ಕಡ್ಡಾಯ. ಅರಳಿಸಿದ ಸುಣ್ಣ ಕಣ್ಣಿಗೆ ಬಿದ್ದರೆ ತಕ್ಷಣ ಧಾರಾಳ ನೀರಿನಲ್ಲಿ ತೊಳೆಯುತ್ತಲೇ ಇದ್ದು ಆಸ್ಪತ್ರೆಗೆ ಹೋಗಬೇಕು.

ಕೂಲಿ 2,800. ಕೆಲಸ ಮುಗಿದ ಮೇಲೆ ವಾರಕ್ಕೊಮ್ಮೆ ನೀರು, ಇಲ್ಲದಿದ್ದರೆ ಸುಣ್ಣ ಪುಡಿಯಾಗಿಯೇ ಕೂತಿರುತ್ತದೆ. ಕೊಟ್ಟಿಗೆ ಗೊಬ್ಬರ ಈ ಸಲ ಐದು ವಾರ ತಡೆದು ಹಾಕಿದ್ದು.

ಮಾರ್ಚ್ 2ರಂದು ಆರು ಕಡೆ, ಮೂರು ಆಳದಲ್ಲಿ ಅಳತೆ. ಐದು ಕಡೆ ಮೇಲೆ 7.3, ನಡುವೆ 7.2, ಕೆಳಗೆ 7.0ರ ಆಸುಪಾಸು. ಕಲ್ಲು ಅಡ್ಡ ಬಂದಿದ್ದ ಒಂದು ಕಡೆ ಕೆಳಗೆ 6.3. ಅಲ್ಲಿ ಕಲ್ಲು ಕಿತ್ತು, 400 ಗ್ರಾಂ ಸುಣ್ಣ ಹಾಕಿ ಮತ್ತೆ ಅಗೆದದ್ದು.

ನಂತರ ಉದ್ದಕ್ಕೂ ಮೂರು ಏರುಮಡಿ: ಅಗಲ 90 ಸೆಂಟಿಮೀಟರ್, ಎತ್ತರ 20, ನಡುವೆ 40ರ ಓಣಿ.

ಮಾರ್ಚ್ 2024: ಪ್ಲಾಸ್ಟಿಕ್ ಹೊದಿಕೆ, ಇಲ್ಲಿಗೆ ಆಗದ ಮಾತು

ಬಯಲುಸೀಮೆಯಲ್ಲಿ ಬೇಸಿಗೆಯ ಬಿಸಿಲಿಗೆ ಪಾರದರ್ಶಕ ಹಾಳೆ ಹೊದಿಸಿ ಮಣ್ಣು ಕಾಯಿಸುವುದು ಒಳ್ಳೆಯ ಉಪಾಯ. ಕೆಳಗಿನ ಮಡಿಗೆ 25 ಮೈಕ್ರಾನ್ ಹಾಳೆ ಹೊದಿಸಿ, ಅಂಚು ಮಣ್ಣಲ್ಲಿ ಹೂತು, ನಾಲ್ಕು ವಾರ ಬಿಟ್ಟದ್ದು. 10 ಸೆಂಟಿಮೀಟರ್ ಆಳದಲ್ಲಿ ಅತಿ ಹೆಚ್ಚು ಕಂಡ ಉಷ್ಣಾಂಶ 34 ಡಿಗ್ರಿ. ಅಷ್ಟರಲ್ಲಿ ಈ ಬೀಜಾಣು ಸಾಯುವುದಿಲ್ಲ. ಹಾಳೆಗೆ 260 ರೂಪಾಯಿ. ಬೆಟ್ಟದ ಮೇಲಿನವರು ಈ ದಾರಿ ಹಿಡಿಯಬೇಡಿ.

ಏಪ್ರಿಲ್–ಮೇ 2024: ಕುಂಡದಲ್ಲಿ ಸಾಸಿವೆ

ರಸಸಾರ ಏರಿದೆ ಎಂದರೆ ರೋಗ ತಗ್ಗಿದೆ ಎಂದರ್ಥವಲ್ಲ, ಗಿಡವನ್ನೇ ಕೇಳಬೇಕು. ಮೂರು ಮಡಿಯಿಂದ ಮೂರು ಕುಂಡ, ಎತ್ತಿಟ್ಟ ಹಳೆಯ ಮಣ್ಣಿನ ಒಂದು ಕುಂಡ. ಪ್ರತಿಯೊಂದರಲ್ಲಿ 12 ಸಾಸಿವೆ ಗಿಡ (ಸಾಸಿವೆಯೂ ಕೋಸಿನ ಕುಲವೇ, ಈ ರೋಗ ಅದಕ್ಕೂ ಹತ್ತುತ್ತದೆ), ಅಡಿಯಲ್ಲಿ ನೀರು ನಿಂತ ತಟ್ಟೆ, ಹಗಲು 20ರಿಂದ 24 ಡಿಗ್ರಿ ಇರುವ ಕಿಟಕಿ ಪಕ್ಕ, ಆರು ವಾರ. ಬೇಕೆಂದೇ ರೋಗಕ್ಕೆ ಅನುಕೂಲ ಮಾಡಿಕೊಡುವ ಪರೀಕ್ಷೆ ಇದು.

ತೊಳೆದು ಬಿಳಿ ತಟ್ಟೆಯ ಮೇಲೆ ಹರಡಿದಾಗ: ಹಳೆಯ ಮಣ್ಣು 11 ಗಿಡದಲ್ಲಿ ಗಂಟು. ಮೇಲಿನ ಮಡಿ 1. ನಡುವಿನದು 0. ಕೆಳಗಿನದು 2. ಸುಣ್ಣ ಬೀಜಾಣುವನ್ನು ಕೊಂದಿಲ್ಲ, ಬೇರಿಗೆ ಹತ್ತದಂತೆ ತಡೆದಿದೆ ಅಷ್ಟೆ. ಹಾಗಾಗಿ ಮೂರೂ ಮಡಿಗೆ ಕೋಸು ಹಾಕುವ ಯೋಚನೆ ಬಿಟ್ಟು, ಮೇಲಿನ ಒಂದೇ ಮಡಿಗೆ ಹೂಕೋಸು, ನಡುವೆ ಬೀನ್ಸ್, ಕೆಳಗೆ ಬೆಳ್ಳುಳ್ಳಿ ಎಂದು ತೀರ್ಮಾನ.

ಏಪ್ರಿಲ್ ಕೊನೆ 2024: ಬಸಿಗಾಲುವೆ, ತಪ್ಪಾದ ಹೊತ್ತಿನಲ್ಲಿ

ಮೇಲಿನ ಮೆಟ್ಟಿಲಿನ ನೀರು ಇಳಿಯದಂತೆ ಮೇಲಂಚಿಗೆ 30 ಸೆಂಟಿಮೀಟರ್ ಅಗಲ, 30 ಆಳದ ಕಾಲುವೆ, 10 ಮೀಟರ್. ಒಂದು ಆಳು, ಒಂದು ದಿನ, 700 ರೂಪಾಯಿ. ಕೊನೆಯನ್ನು ಬೆಳೆಯಿಲ್ಲದ ಹುಲ್ಲಿನ ಇಳಿಜಾರಿಗೆ ತಿರುಗಿಸಿದ್ದು. ಕೆಲಸ ಸರಿ. ಆದರೆ ತೋಡಿದ ಮಣ್ಣಿನ ಕೊನೆಯ ಏಳೆಂಟು ಮಂಕರಿ ಮೇಲಿನ ಮಡಿಯ ಪಶ್ಚಿಮದ ತುದಿಗೆ ಬಿತ್ತು, ಮಡಿ ಅಲ್ಲಿ ಸ್ವಲ್ಪ ತಗ್ಗಾಗಿತ್ತೆಂದು ಅಲ್ಲೇ ಹರಡಿ ಸಮ ಮಾಡಿದ್ದೂ ಆಯಿತು. ಕುಂಡಕ್ಕೆ ಮಣ್ಣು ತೆಗೆದದ್ದು ಇದಕ್ಕೆ ಮುಂಚೆ. ಇದರ ಫಲ ಸೆಪ್ಟೆಂಬರಿನಲ್ಲಿ ಕಾಣುತ್ತದೆ.

ಮೇ–ಜೂನ್ 2024: ಸಸಿ

98 ಕುಳಿಯ ಪ್ರೋಟ್ರೇ (ಸಸಿ ಬೆಳೆಸುವ ಪ್ಲಾಸ್ಟಿಕ್ ತಟ್ಟೆ), ತೆಂಗಿನ ನಾರಿನ ಪುಡಿ, ನಲ್ಲಿ ನೀರು. ಹೊಲದ ಮಣ್ಣು ಒಂದು ಚಿಟಿಕೆಯೂ ಇಲ್ಲ, ತೊರೆಯ ನೀರೂ ಇಲ್ಲ. ಟ್ರೇ ನೆಲಕ್ಕೆ ತಾಗದಂತೆ ಮೇಜಿನ ಮೇಲೆ. ಟ್ರೈಕೋಡರ್ಮಾಗೆ ಸರಿಯಾದ ಜಾಗ ಇದು: ನಾರಿನ ಪುಡಿಯಲ್ಲಿ ಬೆರೆಸಿದರೆ ಸಸಿ ಬುಡ ಕೊಳೆಯುವುದನ್ನು ತಡೆಯುತ್ತದೆ. ಗದೆಬೇರಿಗೆ ಅದನ್ನು ನಂಬಿ ಕೂರಬಾರದು.

ಬೀಜದ ಜೊತೆ ಬರುವುದು ಗದೆಬೇರಲ್ಲ, ಕಪ್ಪು ಕೊಳೆ ಎಂಬ ಬೇರೆ ರೋಗ. ಅದಕ್ಕೆ ಉಪಚಾರ ಮಾಡದ ಬೀಜವನ್ನು 50 ಡಿಗ್ರಿ ಬಿಸಿನೀರಿನಲ್ಲಿ, ಹೂಕೋಸಾದರೆ 20 ನಿಮಿಷ, ಎಲೆಕೋಸಾದರೆ 25 ನಿಮಿಷ ಇಟ್ಟು, ತಣ್ಣೀರಿಗೆ ಅದ್ದಿ ಒಣಗಿಸಬೇಕು. ಥರ್ಮಾಮೀಟರ್ ಇಲ್ಲದೆ ಮಾಡಬೇಡಿ, 53 ದಾಟಿದರೆ ಮೊಳಕೆ ಕೆಡುತ್ತದೆ. ಬಣ್ಣ ಹಚ್ಚಿದ ಕಂಪನಿ ಬೀಜಕ್ಕೆ ಇದು ಬೇಡ.

ಜೂನ್ 10ರಂದು ನಾಟಿ: ಎರಡು ಸಾಲು, 60 ಮತ್ತು 45 ಸೆಂಟಿಮೀಟರ್ ಅಂತರ, 44 ಗಿಡ. ಸುಣ್ಣ ಹೆಚ್ಚಾದ ಮಣ್ಣಿನಲ್ಲಿ ಬೋರಾನ್ ಸಿಗುವುದಿಲ್ಲ, ಹೂಕೋಸಿನ ದಂಟು ಒಳಗೆ ಟೊಳ್ಳಾಗಿ ಕಂದಾಗುತ್ತದೆ. ಅದಕ್ಕೆ ಈ ಒಂದೇ ಮಡಿಗೆ 12 ಗ್ರಾಂ ಬೋರಾಕ್ಸ್, 10 ಲೀಟರ್ ನೀರಿನಲ್ಲಿ ಕರಗಿಸಿ. ತೂಗಿಯೇ ಹಾಕಬೇಕು: ಕೈಯಳತೆಯಲ್ಲಿ ಎರಡು ಪಟ್ಟಾದರೆ ಪಕ್ಕದ ಬೀನ್ಸ್ ಎಲೆಯಂಚು ಸುಡುತ್ತದೆ.

ಗುದ್ದಲಿ, ಬೂಟು: ಮಡಿಗೆ ಇಳಿಯುವ ಮುಂಚೆ ಮಣ್ಣು ಕೆರೆದು ಬ್ರಷ್ಷಿನಿಂದ ತೊಳೆದು, ಆಮೇಲೆ ಬ್ಲೀಚಿಂಗ್ ನೀರು. ಮಣ್ಣು ಮೆತ್ತಿದ ಬೂಟನ್ನೇ ಬ್ಲೀಚಿಗೆ ಅದ್ದಿದರೆ ಅದು ಕೆಲಸ ಮಾಡುವುದಿಲ್ಲ. ಕಾಡುಸಾಸಿವೆ, ಕಾಡುಮೂಲಂಗಿ ಕಳೆಗಳೂ ಇದೇ ಕುಲ, ಹದಿನೈದು ದಿನಕ್ಕೊಮ್ಮೆ ಬೇರುಸಹಿತ ತೆಗೆದದ್ದು.

ಸೆಪ್ಟೆಂಬರ್ 12, 2024: ಕಟಾವು

ಹೂವು ಕೊಯ್ದ ಮೇಲೆ 44 ಗಿಡವನ್ನೂ ಅಗೆದು, ತೊಳೆದು, ನಿಂತ ಕ್ರಮದಲ್ಲೇ ಸಾಲಾಗಿ ಜೋಡಿಸಿ ನೋಡಿದ್ದು. ಗಂಟು ಇದ್ದದ್ದು 5ರಲ್ಲಿ. ಒಂದು ಪೂರ್ವದ ಕಡೆ, ಹೆಬ್ಬೆರಳ ಗಾತ್ರ. ಉಳಿದ ನಾಲ್ಕೂ ಪಶ್ಚಿಮದ ತುದಿಯಲ್ಲಿ, ಒಂದರ ಪಕ್ಕ ಒಂದು, ದೊಡ್ಡ ಗಂಟುಗಳು. ಕಾಲುವೆಯ ಮಣ್ಣು ಹರಡಿದ ಜಾಗ ಸರಿಯಾಗಿ ಅಷ್ಟೇ. ಅಲ್ಲಿ ಅಳೆದರೆ ರಸಸಾರ 5.6.

ಕಾಲುವೆ ಮೊದಲು, ಸುಣ್ಣ ಆಮೇಲೆ. ಈ ಕ್ರಮ ತಿರುವುಮುರುವಾದದ್ದಕ್ಕೆ ನಾಲ್ಕು ಗಿಡ ಹೋದದ್ದು ದೊಡ್ಡದಲ್ಲ, ಆ ಮೂಲೆಗೆ ಬೀಜಾಣು ಮತ್ತೆ ಸೇರಿದ್ದು ದೊಡ್ಡದು. ಇಬ್ಬರು ಎರಡು ದಿನ ಬಗ್ಗಿ ನಿಂಬೆಹಣ್ಣಿನ ಗಾತ್ರಕ್ಕೆ ಹೆಂಟೆ ಒಡೆದ ಮಣ್ಣನ್ನು ಏಳೆಂಟು ಮಂಕರಿ ಹಾಳುಮಾಡಿತು ಎಂಬುದು ಇಂದಿಗೂ ಸಂಕಟ.

39 ಚೊಕ್ಕ ಗಿಡಗಳ ಬೇರು ಪೊದೆಯಂತಿತ್ತು, ಮಣ್ಣು ತೊಳೆದರೂ ಬಿಡದಷ್ಟು ಸಣ್ಣ ಬೇರು. ಎರಡರ ದಂಟು ಟೊಳ್ಳು. ಬೋರಾಕ್ಸ್ ಮುಂದಿನ ಸಲವೂ ಅಷ್ಟೇ, ಆದರೆ ನಾಟಿಗೆ ಅರ್ಧ, 30ನೇ ದಿನಕ್ಕೆ ಅರ್ಧ.

ಅಕ್ಟೋಬರ್ 2024: ಈಗಿನ ಸ್ಥಿತಿ

ಪಶ್ಚಿಮದ ತುದಿಯ 1.5 ಮೀಟರ್ ಮಣ್ಣಿಗೆ 2 ಕೆಜಿ ಅರಳಿಸಿದ ಸುಣ್ಣ ಬೆರೆಸಿ ಆಗಿದೆ. ಮೇಲಿನ ಮಡಿಗೆ ಕ್ಯಾರೆಟ್, ಆಮೇಲೆ ಬೀನ್ಸ್, ಬೀಟ್‌ರೂಟ್. ಸರದಿಗೆ ಆಲೂಗಡ್ಡೆ ಇಲ್ಲ: ಸುಣ್ಣ ಕಂಡ ಮಣ್ಣಿನಲ್ಲಿ ಗೆಡ್ಡೆಗೆ ಕಜ್ಜಿ ಏಳುತ್ತದೆ, ಜೊತೆಗೆ 1961ರಲ್ಲಿ ಪತ್ತೆಯಾದಾಗಿನಿಂದ ನೀಲಗಿರಿಗೆ ಆಲೂಗಡ್ಡೆಯ ಸಿಸ್ಟ್ ನೆಮಟೋಡಿನ ಕಾಟ ಬೇರೆ ಇದೆ. ಮಳೆಗೆ ಸುಣ್ಣ ಕರಗಿ ಇಳಿಯುತ್ತಲೇ ಇರುತ್ತದೆ, ಜೂನ್‌ನಿಂದ ಈಚೆಗೆ ನಡುವಿನ ಮಡಿ 7.2ರಿಂದ 6.9ಕ್ಕೆ ಬಂದಿದೆ. ಪ್ರತಿ ಡಿಸೆಂಬರ್ ಮೂರು ಆಳದಲ್ಲಿ ಅಳತೆ, ಜನವರಿಯಲ್ಲಿ ಕಡಿಮೆ ಬಿದ್ದಷ್ಟು ಸುಣ್ಣ. ಈ ಮೇಲಿನ ಮಡಿಗೆ ಮತ್ತೆ ಕೋಸು 2028ರ ಜೂನ್‌ನಲ್ಲಿ, ಅದೂ ಆ ಏಪ್ರಿಲ್‌ನ ಕುಂಡದ ಸಾಸಿವೆ ಬೇರು ನೋಡಿಕೊಂಡು. ಎತ್ತಿಟ್ಟ ಹಳೆಯ ಮಣ್ಣಿನಲ್ಲಿ ಇನ್ನೂ 9 ಕೆಜಿ ಉಳಿದಿದೆ, ಚೀಲದ ಬಾಯಿ ಕಟ್ಟಿ, ಹೆಸರು ಬರೆದು, ಹೊಲದಿಂದ ದೂರ ಇಡಲಾಗಿದೆ.